ಜರೀನಾಳ ಪ್ರಬಂಧ ನನ್ನ ಚೀಲದಲ್ಲಿತ್ತು

ಜರೀನಾ, ನಿನ್ನ ಪ್ರಬಂಧವನ್ನು ಕದ್ದವಳು ನಾನು. ಕಾಲೇಜಿನ ಗ್ರಂಥಾಲಯದಲ್ಲಿದ್ದ ಒಂದೇ ಒಂದು ಪ್ರತಿ ಅದು. ಅದನ್ನು ಹುಡುಕಿಕೊಂಡು ಗಂಗಾವತಿಯಿಂದ ಕೊಪ್ಪಳಕ್ಕೆ ಬಸ್ಸು ಹತ್ತಿ ಬಂದ ನಿನ್ನ ತಾಯಿಗೆ, ಅಂಥದ್ದು ಇಲ್ಲಿ ಯಾವುದೂ ಇಲ್ಲ ಎಂದು ಹೇಳಿ ಕಳಿಸಿದವಳೂ ನಾನೇ. ಹಾಗೆ ಹೇಳುವಾಗ ಪ್ರಬಂಧ ನನ್ನ ಚೀಲದಲ್ಲಿತ್ತು, ಚೀಲ ನನ್ನ ಮುಂದಿನ ಮೇಜಿನ ಮೇಲಿತ್ತು. ಹನ್ನೆರಡು ವರ್ಷವಾಯಿತು. ಈ ಮೂರು ಮಾತು ಬರೆಯಲು ನನಗೆ ಇಷ್ಟು ಕಾಲ ಬೇಕಾಯಿತು — ಉಳಿದ ಮಾತುಗಳಿಗೆ ಮಾತ್ರ ಯಾವತ್ತೂ ಬರಗಾಲ ಬಂದದ್ದಿಲ್ಲ, ನಾನು ಪಾಠ ಹೇಳಿ ಬದುಕುವವಳು.

ನಿನ್ನನ್ನು ನಾನು ಕಣ್ಣಾರೆ ಕಂಡವಳಲ್ಲ. ನಾನು ಎಂ.ಕಾಂ.ಗೆ ಸೇರುವ ಹೊತ್ತಿಗೆ ನೀನು ಮುಗಿಸಿ ಹೋಗಿದ್ದೆ. ನಿನ್ನ ಹೆಸರು ತಿಳಿಯುವ ಹೊತ್ತಿಗೆ ನೀನೇ ಇರಲಿಲ್ಲ. ನನಗಿಂತ ಎರಡು ವರ್ಷ ದೊಡ್ಡವಳು, ಬಹುವಚನದಲ್ಲಿ ಕರೆಯಬೇಕಿತ್ತು. ಆದರೆ ನೀನು ಆ ವಯಸ್ಸಿಗೇ ನಿಂತುಬಿಟ್ಟೆ, ನಾನು ದಾಟಿ ಬಂದೆ; ಈಗ ನನ್ನ ಕ್ಲಾಸಿನಲ್ಲಿ ಕೂರುವ ಹುಡುಗಿಯರ ವಯಸ್ಸು ನಿನ್ನದು. ಅದಕ್ಕೇ ನೀನು ಎನ್ನುತ್ತಿದ್ದೇನೆ. ತಪ್ಪಾದರೆ ಅದನ್ನೂ ಉಳಿದ ತಪ್ಪುಗಳ ಜೊತೆ ಸೇರಿಸಿಕೋ.

ನನ್ನ ಊರು ಕೊಪ್ಪಳದ ಹತ್ತಿರದ ಗಿಣಿಗೇರಿ. ಅಪ್ಪ ಅಲ್ಲಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ. ಎರಡನೇ ವರ್ಷ ನಮಗೊಂದು ಪೇಪರು ಇತ್ತು, ನಿನಗೆ ಗೊತ್ತಲ್ಲ — ಸ್ವತಂತ್ರ ಅಧ್ಯಯನ. ಕ್ಲಾಸಿಲ್ಲ, ನೋಟ್ಸಿಲ್ಲ. ವ್ಯಾಪಾರಕ್ಕೆ ಸಂಬಂಧಪಟ್ಟ ಒಂದು ವಿಷಯ ಹಿಡಿದು, ಅದರ ಬಗ್ಗೆ ಈವರೆಗೆ ಯಾರು ಏನು ಬರೆದಿದ್ದಾರೆ ಎಂಬುದನ್ನು ಓದಿ, ಒಂದರ ಪಕ್ಕ ಒಂದಿಟ್ಟು ತೂಗಿ, ಸಾಹಿತ್ಯ ಸಮೀಕ್ಷೆ ಬರೆಯಬೇಕು. ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ದಂಧೆ ಕಲಿಯಾಕ ಕಳಿಸಿದರ ಸಾಹಿತ್ಯ ಓದಾಕತ್ತೀಯೇನ? ಕತಿ ಓದಾಕ ಬಸ್ ಪಾಸ್ ಯಾಕ ಬೇಕು?”

ನಮ್ಮ ಗೈಡು ಪಾಟೀಲ ಸರ್. ಆ ವರ್ಷವೇ ಬೇರೆ ಕಡೆಯಿಂದ ವರ್ಗವಾಗಿ ಬಂದವರು, ಹಾಗಾಗಿ ನಿನ್ನನ್ನು ಅವರು ಬಲ್ಲವರಲ್ಲ. ಪ್ರತಿ ಮಂಗಳವಾರ ಅವರ ಮುಂದೆ ನೋಟ್‌ಬುಕ್ ಹಿಡಿದು ನಿಲ್ಲಬೇಕು. ಆ ವಾರ ಏನು ಓದಿದೆವು ಎಂದು ಕೇಳುತ್ತಾರೆ, ತೃಪ್ತಿಯಾದರೆ ಸಹಿ. ಅವರದೊಂದೇ ಕಟ್ಟುನಿಟ್ಟು. ಮೊದಲ ದಿನವೇ ಹೇಳಿದ್ದರು:

“ನೋಡ್ರವಾ, ನಮ್ಮ ಲೈಬ್ರರಿಯೊಳಗ ಒಮ್ಮೆ ಆಗಿರೋ ವಿಷಯ ಯಾರರ ತಂದ್ರ ನಾ ಸಹಿ ಮಾಡಂಗಿಲ್ಲ. ಹಳೇ ಪ್ರಬಂಧದ ಹಾಳಿಗೆ ಹೊಸಾ ರಟ್ಟು ಹಾಕ್ಕೊಂಡು ಬರೋದು ಭಾಳ ಆಗೈತಿ. ಮೊದಲು ಹಿಂದಿನ ಕೋಣಿಗೆ ಹೋಗಿ ಹುಡುಕ್ಯಾಡ್ರಿ, ಆಮ್ಯಾಲ ಬರ್ರಿ.”

ಹಿಂದಿನ ಕೋಣೆ ಎಂದರೆ ಹಳೆಯ ವಿದ್ಯಾರ್ಥಿಗಳ ಪ್ರಬಂಧಗಳನ್ನು ಗುಡ್ಡೆ ಹಾಕಿದ ಜಾಗ. ರಿಜಿಸ್ಟರಿಗೆ ಹತ್ತಿಸುವ ಪದ್ಧತಿ ಇರಲಿಲ್ಲ. ಬಂದದ್ದನ್ನು ಬಂದ ಹಾಗೆ ಕಪಾಟಿಗೆ ತುರುಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಒಳಗಿನ ಧೂಳು ನೋಡಿದೆ. ಧೂಳು ನೋಡಲು ಕೊಪ್ಪಳಕ್ಕೆ ಬರಬೇಕಾಗಿರಲಿಲ್ಲ, ಅದು ಗಿಣಿಗೇರಿಯಲ್ಲಿ ಬೇಕಾದಷ್ಟಿತ್ತು. ಮೂಗು ಮುಚ್ಚಿಕೊಂಡು ವಾಪಸು ಬಂದು, “ನೋಡೀನ್ರಿ ಸರ್, ಯಾರೂ ಮಾಡಿಲ್ಲ” ಎಂದೆ. ಮೊದಲ ಸುಳ್ಳು ಇದು. ಸೋಮಾರಿತನದ ಸಣ್ಣ ಸುಳ್ಳು — ಆವತ್ತು ಅಷ್ಟೇ ಅನ್ನಿಸಿತ್ತು.

ನನ್ನ ವಿಷಯ ಅಕ್ಕಿ ವ್ಯಾಪಾರದಲ್ಲಿ ಕೈಯಳತೆಯ ನಂಬಿಕೆ. ಗಂಗಾವತಿಯ ಬಸ್ ನಿಲ್ದಾಣದ ಹೊರಗೆ ಒಮ್ಮೆ ನೋಡಿದ್ದೆ: ದಲ್ಲಾಳಿಯೊಬ್ಬ ಕಾಗದದ ಪೊಟ್ಟಣ ಬಿಚ್ಚಿ ಸ್ಯಾಂಪಲ್ ಅಕ್ಕಿಯನ್ನು ಅಂಗೈಗೆ ಸುರುವಿಕೊಂಡ, ಊದಿದ, ಬೆರಳಾಡಿಸಿದ, ತಲೆಯಾಡಿಸಿದ. ಅಷ್ಟಕ್ಕೇ ಒಂದು ಲಾರಿ ಅಕ್ಕಿಯ ವ್ಯವಹಾರ ಮುಗಿಯಿತು. ಯಂತ್ರವಿಲ್ಲ, ಕರಾರಿಲ್ಲ. ಈ ಕೈಯ ತೀರ್ಮಾನದ ಬಗ್ಗೆ ಯಾರು ಏನು ಬರೆದಿದ್ದಾರೋ ಓದಬೇಕು ಅನ್ನಿಸಿತು. ಈ ಯೋಚನೆ ಭೂಮಿಯ ಮೇಲೆ ನನಗೊಬ್ಬಳಿಗೇ ಹೊಳೆದದ್ದು ಎಂದುಕೊಂಡು ಒಂದು ವಾರ ನೆಲದಿಂದ ಒಂದು ಗೇಣು ಮೇಲೆ ನಡೆದೆ.

ಆಮೇಲೆ ಪುಸ್ತಕಗಳನ್ನು ತೆಗೆಯತೊಡಗಿದೆ, ನೀನು ಸಿಗತೊಡಗಿದೆ.

ನಮ್ಮ ಗ್ರಂಥಾಲಯದಲ್ಲಿ ಪ್ರತಿ ಪುಸ್ತಕದ ಹಿಂಬದಿಯ ರಟ್ಟಿಗೆ ಒಂದು ಲಕೋಟೆ, ಅದರೊಳಗೆ ಒಂದು ಕಾರ್ಡು. ಒಯ್ದವರು ಹೆಸರು, ದಿನಾಂಕ ಬರೆಯಬೇಕು. ಮಾರುಕಟ್ಟೆಯ ಬಗ್ಗೆ ಮೊದಲ ಪುಸ್ತಕ ತೆಗೆದೆ. ಕಾರ್ಡಿನಲ್ಲಿ ಕೊನೆಯ ಹೆಸರು ಜರೀನಾ. ಎರಡನೆಯದು ಧಾನ್ಯದ ಗುಣಮಟ್ಟದ ಬಗ್ಗೆ. ಕೊನೆಯ ಹೆಸರು ಜರೀನಾ. ಒಂದೇ ವಿಭಾಗದವಳು ಇರಬಹುದು, ಓದುವವಳು ಇರಬಹುದು ಎಂದುಕೊಂಡೆ. ಆರನೆಯ ಪುಸ್ತಕದ ಹೊತ್ತಿಗೆ ಕಾರ್ಡನ್ನು ಲಕೋಟೆಯಿಂದ ಎಳೆಯುವ ಮೊದಲೇ ಬೆನ್ನಿಗೆ ತಣ್ಣಗೆ ಅನ್ನಿಸುತ್ತಿತ್ತು. ನಾನು ಬೇಕೆಂದೇ ಅಡ್ಡದಾರಿ ಹಿಡಿದೆ. ವಿಷಯಕ್ಕೆ ನೇರ ಸಂಬಂಧವಿಲ್ಲದ, ಸ್ಪರ್ಶದ ಮನಶ್ಶಾಸ್ತ್ರದ ಮೇಲಿನ ಒಂದು ದಪ್ಪ ಪುಸ್ತಕವನ್ನು, ಬೇರೆ ವಿಭಾಗದ ಕಪಾಟಿನಿಂದ ತೆಗೆದೆ. ಅದರ ಕಾರ್ಡಿನಲ್ಲಿ ಇದ್ದದ್ದು ಒಂದೇ ಹೆಸರು. ನಿನ್ನದು.

ಮನೆಗೆ ಹೋಗಿ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು ನೋಡಿದೆ. ಎರಡು ವರ್ಷ ಹಿಂದೆ ನೀನು ಯಾವ ಪುಸ್ತಕದ ನಂತರ ಯಾವುದನ್ನು ಒಯ್ದಿದ್ದೆಯೋ, ನಾನೂ ಅದೇ ಸಾಲಿನಲ್ಲಿ ಒಯ್ದಿದ್ದೆ. ಒಂದೂ ಆಚೆ ಈಚೆ ಇಲ್ಲ. ಇದರಲ್ಲಿ ದೆವ್ವ ಭೂತ ಏನಿಲ್ಲ, ಒಂದು ಪುಸ್ತಕದ ಅಡಿಟಿಪ್ಪಣಿ ಇನ್ನೊಂದಕ್ಕೆ ಕಳಿಸುತ್ತದೆ, ಇಬ್ಬರೂ ಅದನ್ನೇ ಹಿಡಿದು ನಡೆದೆವು — ಈಗ ನನ್ನ ವಿದ್ಯಾರ್ಥಿಗಳಿಗೆ ಹಾಗೇ ವಿವರಿಸುತ್ತೇನೆ. ಆದರೆ ಆ ಅರ್ಧ ಕಾಳಿಗೆ ಏನು ವಿವರಣೆ? ನನಗೆ ಬೇಕಾದ ಪುಟ ತೆರೆದಾಗಲೆಲ್ಲ ಹಾಳೆಗಳ ನಡುವಿನ ಸಂದಿಯಿಂದ ಒಂದು ಭತ್ತದ ಕಾಳು ಮೇಜಿನ ಮೇಲೆ ಬೀಳುತ್ತಿತ್ತು. ಇಡೀ ಕಾಳಲ್ಲ, ಹಲ್ಲಿನಲ್ಲಿ ಕಡಿದ ಅರ್ಧ. ಮಧ್ಯಾಹ್ನದ ಓದುವ ಕೋಣೆಯಲ್ಲಿ, ಫ್ಯಾನಿನ ಸದ್ದಿನಲ್ಲಿಯೂ ಅದು ಬಿದ್ದ ಸದ್ದು ನನಗೆ ಕೇಳುತ್ತಿತ್ತು. ನಾನು ತಲೆ ಎತ್ತಿ ಎದುರಿನ ಖಾಲಿ ಕುರ್ಚಿ ನೋಡುತ್ತಿದ್ದೆ.

ಒಪ್ಪಿಸಲು ಮೂರು ವಾರ ಉಳಿದಿದ್ದಾಗ, ತಡೆಯಲಾಗದೆ ಆ ಹಿಂದಿನ ಕೋಣೆಗೆ ಹೋದೆ. ಹೆಚ್ಚು ಹುಡುಕಬೇಕಾಗಲೇ ಇಲ್ಲ. ಕಪಾಟಿನ ಎರಡನೇ ಸಾಲಿನಲ್ಲಿ ಕಡುಹಸಿರು ರಟ್ಟಿನ ಪ್ರಬಂಧ, ಬೆನ್ನ ಮೇಲೆ ನಿನ್ನ ಹೆಸರು. ಒಳಗೆ ನನ್ನ ವಿಷಯ. ಹೆಚ್ಚು ಕಡಿಮೆ ನನ್ನದೇ ಶೀರ್ಷಿಕೆ. ಅಲ್ಲೇ ನೆಲದ ಮೇಲೆ ಕೂತು ಓದಿದೆ. ನಾನು ಮೂರು ತಿಂಗಳಲ್ಲಿ ತಲುಪಿದ್ದ ಜಾಗವನ್ನು ನೀನು ಮೊದಲ ಅಧ್ಯಾಯದಲ್ಲೇ ದಾಟಿದ್ದೆ. ಪುಸ್ತಕದ ಸಾರಾಂಶ ಒಪ್ಪಿಸುವವಳಲ್ಲ ನೀನು, ಪುಸ್ತಕದ ಜೊತೆ ಜಗಳ ಆಡುವವಳು. ಅರ್ಧದ ಹೊತ್ತಿಗೆ ಒಂದು ವಾಕ್ಯ ಇತ್ತು, ಬರೆಯುವಾಗ ನಿನಗೇ ಮುಖ ಬಿಸಿಯಾಗಿರಬೇಕು: “ವಿದ್ವಾಂಸರು ತೇವಾಂಶ ಎಂದು ಪುಟಗಟ್ಟಲೆ ಬರೆದದ್ದನ್ನು ನನ್ನ ತಾಯಿ ಮಿಲ್ಲಿನ ಅಂಗಳದಲ್ಲಿ ಒಂದು ಕಾಳು ಕಡಿದು ಹೇಳುತ್ತಾಳೆ, ಆಕೆ ಹೇಳಿದ ಮೇಲೆಯೇ ಭತ್ತ ಒಳಗೆ ಹೋಗುತ್ತದೆ, ಆಕೆಯ ಮಾತನ್ನು ಮಾತ್ರ ಯಾವ ಅಧ್ಯಯನವೂ ದಾಖಲಿಸಿಲ್ಲ.” ಪುಸ್ತಕಗಳಲ್ಲಿ ಗುರುತಿಗಿಟ್ಟಿದ್ದ ಅರ್ಧ ಕಾಳುಗಳು ಯಾವ ಅಂಗಳದವು ಎಂದು ಆಗ ತಿಳಿಯಿತು.

ಹೊಟ್ಟೆಕಿಚ್ಚು ಅಂದರೆ ಏನೆಂದೂ ಆವತ್ತೇ ತಿಳಿಯಿತು. ಸುತ್ತಿ ಬಳಸಿ ಹೇಳುವುದು ಬೇಡ.

ಸರ್‌ಗೆ ಹೇಳಿದರೆ ವಿಷಯ ಬದಲಿಸು ಎನ್ನುತ್ತಾರೆ. ನೋಡೀನಿ ಅಂದಿದ್ದೆಯಲ್ಲ ಎಂದೂ ಕೇಳುತ್ತಾರೆ. ಆ ವರ್ಷ ಸಮೀಕ್ಷೆ ಚೆನ್ನಾಗಿ ಬರೆದ ಒಬ್ಬರನ್ನು ಅತಿಥಿ ಉಪನ್ಯಾಸಕರ ಕೆಲಸಕ್ಕೆ ಶಿಫಾರಸು ಮಾಡುವುದಾಗಿ ಹೇಳಿದ್ದರು. ಆ ಕೆಲಸ ಸಿಕ್ಕರೆ ಮನೆಯಲ್ಲಿ ನನ್ನ ಮದುವೆಯ ಮಾತು ಎರಡು ವರ್ಷವಾದರೂ ಮುಂದೆ ಹೋಗುತ್ತಿತ್ತು. ಇದನ್ನೆಲ್ಲ ಕಾರಣ ಅಂತ ಹೇಳುತ್ತಿಲ್ಲ. ಪ್ರಬಂಧವನ್ನು ಓಢಣಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುವಾಗ ತಲೆಯಲ್ಲಿ ಏನಿತ್ತು ಎಂದು ಹೇಳುತ್ತಿದ್ದೇನೆ ಅಷ್ಟೆ. ಪರೀಕ್ಷೆ ಮುಗಿದ ಮೇಲೆ ತಂದಿಟ್ಟರಾಯಿತು, ಯಾರು ಕೇಳುತ್ತಾರೆ —

ಮರುದಿನವೇ ಕೇಳಲು ಬಂದರು.

ಮಧ್ಯಾಹ್ನ ಮೂರು ಗಂಟೆ ಇರಬೇಕು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಗ್ರಂಥಪಾಲಕರು ಚಹಾಕ್ಕೆ ಹೋಗಿದ್ದರು, ಓದುವ ಕೋಣೆಯಲ್ಲಿ ನಾನೊಬ್ಬಳೇ. ಹೆಜ್ಜೆ ಸದ್ದು ಕೇಳಿಸಲಿಲ್ಲ. ತೌಡಿನ ವಾಸನೆ ಬಂತೆಂದು ತಲೆ ಎತ್ತಿದೆ. ಎದುರಿನ ಕುರ್ಚಿಯ ಪಕ್ಕ ಒಬ್ಬ ಹೆಂಗಸು ನಿಂತಿದ್ದರು. ತಲೆಯ ಮೇಲೆ ಸೆರಗು, ಕಾಲಿನ ಬೆರಳುಗಳು ಬೇಯಿಸಿದ ಭತ್ತವನ್ನು ತುಳಿದು ತುಳಿದು ಬಿಳಿಚಿಕೊಂಡಿದ್ದವು. ಬಲಗೈಯ ಹೆಬ್ಬೆರಳು ಪಕ್ಕದ ಎರಡು ಬೆರಳುಗಳನ್ನು ಸುಮ್ಮನೆ ತಿಕ್ಕುತ್ತಲೇ ಇತ್ತು.

“ಇಲ್ಲಿ ಓದಿದ ಹುಡುಗ್ಯಾರ ಬರದ ಕಿತಾಬ್ ಇಡ್ತಾರಂತಲ್ಲ ಬೇಟಾ. ಜರೀನಾ ಅಂತ ನನ ಮಗಳು. ಆಕಿ ಬರದದ್ದು ಒಂದು ಐತೇನು ನೋಡ್ತೀಯಾ?”

“ಅವರ ಕಡೆ ಒಂದು ಇರ್ತೈತಲ್ರಿ ಅಮ್ಮಾರ” ಎಂದೆ. ದನಿ ನನ್ನದೇ ಅನ್ನಿಸಲಿಲ್ಲ.

“ಆಕಿ ಇಲ್ಲ ಬೇಟಾ. ಡೆಂಗಿ ಬಂದು ಹೋದಳು, ಪಾಸಾದ ವರ್ಷನ. ಮನ್ಯಾಗಿದ್ದದ್ದು ಯಾರೋ ಗೆಳತಿ ಓದಾಕ ಒಯ್ದಾಳ, ತಿರುಗಿ ಕೊಟ್ಟಿಲ್ಲ. ಮನಿ ಖಾಲಿ ಮಾಡುವಾಗ ಗೊತ್ತಾತು.” ಮತ್ತೆ ಹೇಳಿದರು: “ಅದರಾಗ ನಂದೂ ಒಂದು ಮಾತು ಬರದೀನಿ ಅಮ್ಮಿ ಅಂದಿದ್ದಳು. ಓದಿ ಹೇಳ್ತೀನಿ ಅಂದಳು. ಅಷ್ಟರಾಗ ಜ್ವರಕ್ಕ ಮಲಗಿದಳು. ನನಗ ಓದಾಕ ಬರಂಗಿಲ್ಲ. ಯಾರರ ಓದಿ ಹೇಳಿದರ ಕೇಳಿಕೊಂಡು ಹೋಗ್ತೀನಿ.”

ಅಷ್ಟೇ ಜರೀನಾ. ಪುಸ್ತಕವನ್ನು ಕೊಡಿ ಎಂದೂ ಕೇಳಲಿಲ್ಲ. ಒಂದು ವಾಕ್ಯ ಓದಿ ಹೇಳಬೇಕಿತ್ತು. ಆ ವಾಕ್ಯ ನನಗೆ ಆಗಲೇ ಬಾಯಿಪಾಠವಾಗಿತ್ತು. ಚೀಲದ ಬಾಯಿಯನ್ನೂ ತೆರೆಯದೆ ಹೇಳಬಹುದಿತ್ತು.

“ಅಂಥಾದ್ದು ಇಲ್ಲಿ ಯಾವುದೂ ಇಲ್ರಿ ಅಮ್ಮಾರ” ಎಂದೆ.

ಅವರು ನನ್ನನ್ನು ನೋಡಲಿಲ್ಲ. ಕೈ ಚಾಚಿ ಮೇಜಿನ ಮೇಲಿದ್ದ ನನ್ನ ಚೀಲದ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಇಟ್ಟರು. ಸುಸ್ತಾಗಿ ಆಸರೆಗೆ ಇಟ್ಟರೋ ಏನೋ. ಬಟ್ಟೆಯ ಆಚೆ ರಟ್ಟು, ರಟ್ಟಿನ ಆಚೆ ನೀನು. ಬೆರಳು ತಿಕ್ಕುವುದು ನಿಂತಿತ್ತು.

“ಯಾಕೋ ಏನೋ, ಆಕಿ ಇಲ್ಲೇ ಅದಾಳ ಅನಿಸ್ತೈತಿ” ಎಂದರು. ಆಮೇಲೆ ಕೈ ತೆಗೆದು, “ಓದು ಬೇಟಾ, ಓದು” ಎಂದು ಹೇಳಿ ಹೊರಟುಹೋದರು. ಅವರು ಬಾಗಿಲು ದಾಟಿದ ಮೇಲೂ ತೌಡಿನ ವಾಸನೆ ನನ್ನ ಚೀಲಕ್ಕೆ ಅಂಟಿಕೊಂಡೇ ಇತ್ತು.

ಓಡಿಹೋಗಿ ಕರೆಯಬಹುದಿತ್ತು. ಬಸ್ ನಿಲ್ದಾಣದಲ್ಲಿ ಹಿಡಿಯಬಹುದಿತ್ತು. ಕಿಟಕಿಯಿಂದ ನೋಡುತ್ತ ಕೂತೆ. ಬಿಸಿಲು ಕಣ್ಣು ಬಿಡಲಾರದಷ್ಟು ಬೆಳ್ಳಗಿತ್ತು. ಅವರು ನೆರಳಿಲ್ಲದ ಆ ಅಂಗಳವನ್ನು ದಾಟಿ, ಗೇಟಿನ ಹತ್ತಿರ ನಿಂತು, ಒಮ್ಮೆ ತಿರುಗಿ ನೋಡಿದರು. ನಾನು ಕಿಟಕಿಯಿಂದ ಹಿಂದೆ ಸರಿದೆ.

ಆಮೇಲೆ ಬರೆಯಲು ಕೂತೆ. ಒಂದು ವಿಷಯ ನಂಬು — ನಂಬದಿದ್ದರೂ ಸರಿ: ನಿನ್ನ ಪ್ರಬಂಧದಿಂದ ಒಂದು ಸಾಲನ್ನೂ ನಾನು ನಕಲು ಮಾಡಲಿಲ್ಲ. ನಕಲು ಮಾಡಿಲ್ಲ ಎಂಬ ಹೆಮ್ಮೆಯ ಮೇಲೆಯೇ ಇಷ್ಟು ವರ್ಷ ತಲೆ ಎತ್ತಿ ನಡೆದೆ. ನಾನು ಮಾಡಿದ್ದು ಇಷ್ಟೇ: “ಈ ವಿಷಯದ ಮೇಲೆ ನಮ್ಮ ಭಾಗದಲ್ಲಿ ಈವರೆಗೆ ಯಾರೂ ಸಮೀಕ್ಷೆ ನಡೆಸಿಲ್ಲ” ಎಂದು ಪೀಠಿಕೆಯಲ್ಲಿ ಬರೆದೆ. ಹಾಗೆ ಬರೆಯುವಾಗ ನೀನು ನನ್ನ ಹಾಸಿಗೆಯ ಕೆಳಗಿನ ಟ್ರಂಕಿನಲ್ಲಿದ್ದೆ.

ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಯಮನೂರಪ್ಪ ಟೈಪ್ ಮಾಡಿಕೊಡುತ್ತಿದ್ದ. ವಿಭಾಗದ ಎಲ್ಲರ ಪ್ರಬಂಧಗಳೂ ಅವನ ಕೈಯಿಂದಲೇ ಆಗಬೇಕು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದ್ದದ್ದರಿಂದ ನಾನು ಓದಿ ಹೇಳುತ್ತಿದ್ದೆ, ಅವನು ಹೊಡೆಯುತ್ತಿದ್ದ. ಮೂರನೇ ಅಧ್ಯಾಯದ ನಡುವೆ ಹಾಳೆ ತಿರುವಲು ನಿಲ್ಲಿಸಿದೆ. ಕೀಲಿಗಳ ಸದ್ದು ನಿಲ್ಲಲಿಲ್ಲ. ನಾನು ಸುಮ್ಮನಿದ್ದೇನೆ, ಅವನ ಬೆರಳುಗಳು ಓಡುತ್ತಲೇ ಇವೆ. ಅವನ ಕಣ್ಣು ಎಲ್ಲೋ ಗೋಡೆಯ ಮೇಲಿತ್ತು.

“ಯಮನೂರಪ್ಪ, ಏನ್ ಹೊಡಿಯಾಕತ್ತೀರಿ?”

“ನೀವು ಹೇಳಿದ್ದನ್ನ ಹೊಡಿಯಾಕತ್ತೀನ್ರಿ.”

“ನಾ ಏನೂ ಹೇಳಿಲ್ಲಲ್ರಿ.”

ಅವನು ಬೆಚ್ಚಿ ಪರದೆ ನೋಡಿದ. ಆಮೇಲೆ ತನ್ನ ಕೈಗಳನ್ನು ಮೇಲೆತ್ತಿ, ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿದ. “ತಾನ ಬಂತ್ರಿ. ಹಿಂದ ಯಾವಾಗೋ ಇದನ್ನ ಹೊಡದೀನಿ ಅನಿಸ್ತೈತಿ. ಬೆರಳಿಗೆ ಗೊತ್ತೈತಿ, ನನಗ ಗೊತ್ತಿಲ್ಲ.”

ಪರದೆಯ ಮೇಲೆ ಏನು ಬಂದಿದೆ ಎಂದು ಬಗ್ಗಿ ನೋಡಬೇಕಿತ್ತು. ನೋಡಲಿಲ್ಲ. ನೋಡಿದರೆ ಅಲ್ಲಿ ನೀನಿರುತ್ತೀ ಎಂದು ಗೊತ್ತಿತ್ತು. ಉಳಿದದ್ದು ನಾಳೆ ಎಂದು ಎದ್ದು ಬಂದೆ. ಮರುದಿನ ಮುಂದಿನ ಅಧ್ಯಾಯದಿಂದ ಶುರು ಮಾಡಿಸಿದೆ. ಪ್ರಿಂಟು ತಂದು, ಓದದೆ, ರಟ್ಟು ಹಾಕಿಸಿ ಒಪ್ಪಿಸಿದೆ. ಪಾಟೀಲ ಸರ್ ಸಹಿ ಮಾಡಿದರು, ಭಾಳ ಛಲೋ ಐತಿ ಎಂದರು. ಕೆಲಸ ಸಿಕ್ಕಿತು. ಸಮೀಕ್ಷೆ ವಿಭಾಗದ ಸಂಪುಟದಲ್ಲಿ ಅಚ್ಚಾಯಿತು. ಮುಂದೆ ಈಗಿರುವ ಕಾಲೇಜಿನಲ್ಲಿ ಕಾಯಂ ಆಯಿತು. ಆ ಬರಹವನ್ನು ನಾನು ಮಾತ್ರ ಒಮ್ಮೆಯೂ ತೆರೆದು ಓದಲಿಲ್ಲ. ಸ್ವಂತ ಬರಹವನ್ನು ಓದಲು ಹೆದರುವ ಮೇಡಂ ನಾನೊಬ್ಬಳೇ ಇರಬೇಕು.

ಪ್ರಬಂಧವನ್ನು ವಾಪಸು ಇಡಲು ಎರಡು ಸಲ ಒಯ್ದೆ. ಎರಡು ಸಲವೂ ಆ ಕೋಣೆಯ ಬಾಗಿಲಿನಿಂದ ತಿರುಗಿ ಬಂದೆ. ಇಟ್ಟರೆ, ಇಲ್ಲ ಎಂದು ಹೇಳಿದ್ದು ಸುಳ್ಳಾಗುತ್ತದೆ. ಇಡದಿದ್ದರೆ — ಇಡದಿದ್ದರೆ ಅದು ನಿಜವೇ ಆಗಿಬಿಡುತ್ತದೆ ಎಂದು ಲೆಕ್ಕ ಹಾಕಿದ್ದೆನೇನೋ. ಗಿಣಿಗೇರಿಯ ಮನೆ ನಿನಗೆ ಗೊತ್ತಿಲ್ಲ. ಕಾರ್ಖಾನೆಯ ಕರಿಧೂಳು ಮುಚ್ಚಿದ ಪಾತ್ರೆಯೊಳಗೂ ಇಳಿಯುತ್ತದೆ. ಬೀಗ ಹಾಕಿದ ಟ್ರಂಕಿನಲ್ಲಿ ನನ್ನ ಸೀರೆಗಳ ಮಡಿಕೆಗಳು ಕಪ್ಪಾಗುತ್ತಿದ್ದವು. ನಿನ್ನ ಹಸಿರು ರಟ್ಟಿನ ಮೇಲೆ ಮಾತ್ರ ಧೂಳು ಕೂರಲಿಲ್ಲ. ವರ್ಷಕ್ಕೊಮ್ಮೆ ತೆಗೆದು ನೋಡುತ್ತಿದ್ದೆ. ಯಾರೋ ಈಗಷ್ಟೇ ಸೆರಗಿನಿಂದ ಒರೆಸಿಟ್ಟ ಹಾಗಿರುತ್ತಿತ್ತು. ಅವ್ವ ಒರೆಸಿರಬಹುದೆಂದು ಕೇಳಿದೆ. “ನಿನ ಟ್ರಂಕಿನ ಕೀಲಿ ನನ ಕಡಿ ಎಲ್ಲೈತಿ?” ಎಂದಳು. ಕೊಪ್ಪಳದಲ್ಲಿ ಬಾಡಿಗೆ ಮನೆ ಮಾಡಿದ ಮೇಲೆ ಟ್ರಂಕೂ ಜೊತೆಗೆ ಬಂತು. ಕೆಲವು ಮಧ್ಯಾಹ್ನ, ರಜೆಯ ದಿನ, ಒಬ್ಬಳೇ ಇರುವಾಗ ಮನೆ ತುಂಬ ತೌಡಿನ ವಾಸನೆ ಬರುತ್ತಿತ್ತು. ನಾನು ಕಿಟಕಿ ತೆರೆದಿಟ್ಟು ಹೊರಗೆ ಹೋಗಿ ಕೂರುತ್ತಿದ್ದೆ.

ಹೀಗೇ ಸಾಯುವ ತನಕ ಇರುತ್ತಿದ್ದೆನೇನೋ. ಈ ವರ್ಷ ಅನುಷಾ ಬಂದಳು. ಗಂಗಾವತಿ ಹತ್ತಿರದ ಶ್ರೀರಾಮನಗರದ ಹುಡುಗಿ, ಮನೆಮಾತು ತೆಲುಗು, ಕನ್ನಡ ನನಗಿಂತ ಚೆನ್ನಾಗಿ ಬರೆಯುತ್ತಾಳೆ. ಅವಳ ಸ್ವತಂತ್ರ ಅಧ್ಯಯನಕ್ಕೆ ನಾನು ಗೈಡು. ಒಂದು ಮಂಗಳವಾರ — ನಾನೂ ಮಂಗಳವಾರವನ್ನೇ ಇಟ್ಟುಕೊಂಡಿದ್ದೇನೆ — ನೋಟ್‌ಬುಕ್ ಮುಂದಿಟ್ಟು ನಿಂತಳು.

“ಮೇಡಂ, ಅಕ್ಕಿ ವ್ಯಾಪಾರದ ಮ್ಯಾಲ ನಮ್ಮ ಕಡೆ ಸಿಕ್ಕಿದ್ದು ನಿಮ್ಮ ಸಮೀಕ್ಷೆ ಒಂದ ರೀ. ಭಾಳ ಮಂದಿ ಅದನ್ನ ಉಲ್ಲೇಖ ಮಾಡ್ಯಾರ. ಅದರಾಗ ಒಂದು ಮಾತು ಓದಿ ನನಗ ಕಣ್ಣಾಗ ನೀರು ಬಂತ್ರಿ. ನಿಮ್ಮ ತಾಯಿಯಾರು ಮಿಲ್ಲಿನ್ಯಾಗ ಕೆಲಸ ಮಾಡ್ತಿದ್ದರೇನ್ರಿ?”

ನನ್ನ ಅವ್ವ ರೈಸ್ ಮಿಲ್ಲಿನ ಗೇಟು ಕೂಡ ನೋಡಿದವಳಲ್ಲ.

ಅನುಷಾ ಪುಟ ತೆರೆದು ನನ್ನ ಮುಂದೆ ಇಟ್ಟಳು. ಮೂರನೇ ಅಧ್ಯಾಯದ ನಡುವೆ, ನನ್ನ ಎರಡು ಸಪ್ಪೆ ಪ್ಯಾರಾಗಳ ನಡುವೆ, ನೀನು ಕೂತಿದ್ದೆ. ವಿದ್ವಾಂಸರು ತೇವಾಂಶ ಎಂದು ಪುಟಗಟ್ಟಲೆ ಬರೆದದ್ದನ್ನು ನನ್ನ ತಾಯಿ — ಅಲ್ಪವಿರಾಮ ಕೂಡ ಆಚೆ ಈಚೆ ಆಗಿರಲಿಲ್ಲ. ಯಮನೂರಪ್ಪನ ಬೆರಳು ಹೊಡೆದದ್ದು ಅದು. ಕಪಾಟಿನಿಂದ ನಿನ್ನನ್ನು ತೆಗೆದು ಬಚ್ಚಿಟ್ಟೆ ಎಂದುಕೊಂಡಿದ್ದೆ; ನೀನು ಹನ್ನೆರಡು ವರ್ಷ ನನ್ನ ಹೆಸರಿನ ಕೆಳಗೇ ಕೂತು, ಓದಿದವರಿಗೆಲ್ಲ ನಿನ್ನ ತಾಯಿಯ ಮಾತನ್ನು ಹೇಳುತ್ತಿದ್ದೆ. ಅವರೆಲ್ಲ ಅದನ್ನು ನನ್ನ ತಾಯಿ ಎಂದುಕೊಂಡರು. ಕಣ್ಣೀರನ್ನೂ ನಾನು ಕದ್ದಿದ್ದೆ. ಅನುಷಾಳಿಗೆ ಆವತ್ತು ಏನು ಹೇಳಿದೆನೋ ನೆನಪಿಲ್ಲ, ತಲೆನೋವು ಎಂದಿರಬೇಕು.

ಭಾನುವಾರ ಬರಲಿ ಎಂದು ಕಾಯಲಿಲ್ಲ, ಮರುದಿನವೇ ಹೊರಟೆ. ರಜೆ ಹಾಕಿ, ಹಸಿರು ರಟ್ಟಿನ ಪ್ರಬಂಧವನ್ನು ಚೀಲಕ್ಕೆ ಹಾಕಿಕೊಂಡು ಗಂಗಾವತಿಯ ಬಸ್ಸು ಹತ್ತಿದೆ. ಮುನ್ನುಡಿಯಲ್ಲಿ ನೀನು ಬರೆದ ತಾಯಿಯ ಹೆಸರೊಂದೇ ನನಗಿದ್ದ ಗುರುತು. ಎರಡು ಮಿಲ್ಲುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರನೆಯದರ ಅಂಗಳದಲ್ಲಿ, ಹಬೆಯಾಡುವ ಭತ್ತವನ್ನು ಕಾಲಿನಲ್ಲಿ ಸಾಲು ಬಿಡಿಸುತ್ತಿದ್ದ ಹೆಂಗಸೊಬ್ಬಳು ಹಿಂದಿನ ಓಣಿಯ ಕಡೆ ಕೈ ತೋರಿಸಿದಳು.

ಬಾಗಿಲು ತೆರೆದೇ ಇತ್ತು. ಬಿಸಿಲಿನಿಂದ ಒಳಗೆ ಕಾಲಿಟ್ಟವಳಿಗೆ ಮೊದಲು ಕತ್ತಲೆಯಷ್ಟೇ ಕಂಡಿತು. ಆಮೇಲೆ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅವರು ಕಂಡರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಹೆಸರು ಹೇಳಲು ಬಾಯಿ ತೆರೆದೆ. ಅವರು ಮೊರವನ್ನು ಪಕ್ಕಕ್ಕಿಟ್ಟು, ನಿನ್ನೆ ಬಿಟ್ಟುಹೋದವಳನ್ನು ಮಾತಾಡಿಸುವ ಹಾಗೆ ಕೇಳಿದರು:

“ಓದೋದು ಮುಗೀತೇನು ಬೇಟಾ?”

ಹೊಸ್ತಿಲ ಮೇಲೇ ಕೂತೆ.

“ನಿಮಗ ಗೊತ್ತಿತ್ತೇನ್ರಿ?”

“ಚೀಲದ ಮ್ಯಾಲ ಕೈ ಇಟ್ಟಾಗ ತಿಳೀತು. ದಿನಾ ನೂರು ಚೀಲ ಮುಟ್ಟಿ ಒಳಗ ಏನೈತಿ ಅಂತ ಹೇಳಾಕಿ ನಾನು.”

“ಹಂಗಾದ್ರ ಯಾಕ ಕೇಳಲಿಲ್ರಿ?”

“ಓದಾಕತ್ತಿದ್ದಿ. ಓದೋ ಹುಡುಗಿ ಕೈಯಾಗಿಂದ ಕಿತಾಬ್ ಕಸಗೊಂಡರ ಜರೀನಾ ಸಿಟ್ಟಿಗೇಳ್ತಿದ್ದಳು. ಮುಗಿಸಿ ತಂದು ಕೊಡ್ತಾಳ ಅಂತ ಬಂದೆ.” ಆಮೇಲೆ ಸೇರಿಸಿದರು: “ಭಾಳ ತಡ ಮಾಡಿದಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಜರೀನಾ. ಹನ್ನೆರಡು ವರ್ಷ ನಾನು ಹೆದರಿದ್ದು ಬೈಗುಳಕ್ಕೆ. ಅವರು ಹನ್ನೆರಡು ವರ್ಷ ಕಾದಿದ್ದರು.

ಪ್ರಬಂಧ ತೆಗೆದು ಅವರ ಕೈಗೆ ಕೊಟ್ಟೆ. ರಟ್ಟಿನ ಮೇಲೆ ಅಂಗೈ ಆಡಿಸಿ, ಬೆನ್ನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, ನನಗೆ ತಿರುಗಿ ಕೊಟ್ಟು, ಓದು ಎಂದು ಸನ್ನೆ ಮಾಡಿದರು. ಆ ವಾಕ್ಯವನ್ನು ಓದಿದೆ. ಬರವಣಿಗೆಯ ಕನ್ನಡ ಅವರಿಗೆ ಪೂರ್ತಿ ದಕ್ಕಲಿಲ್ಲ, ಮಾತಿನಲ್ಲಿ ಬಿಡಿಸಿ ಹೇಳಿದೆ. ಇನ್ನೊಮ್ಮೆ ಓದಿಸಿದರು. ಮೂರನೇ ಸಲವೂ ಓದಿದೆ. ಅವರು ನೆಟ್ಟಗೆ ಕೂತು ಕೇಳುತ್ತಿದ್ದರು.

“ಛಲೋ ಬರದಾಳ” ಎಂದರು. “ಇದನ್ನ ಎಷ್ಟು ಮಂದಿ ಓದ್ಯಾರ?”

ಇಲ್ಲಿಯೂ ಒಂದು ಸುಳ್ಳಿಗೆ ಜಾಗವಿತ್ತು. ಯಾರೂ ಓದಿಲ್ಲ ಎಂದರೆ ಮುಗಿಯುತ್ತಿತ್ತು, ಅರ್ಧ ನಿಜವೂ ಆಗುತ್ತಿತ್ತು.

“ಭಾಳ ಮಂದಿ ಓದ್ಯಾರ್ರಿ ಅಮ್ಮಾರ. ಆದ್ರ ಜರೀನಾ ಬರದಾಳ ಅಂತ ಅಲ್ಲ. ನಾ ಬರದೀನಿ ಅಂತ.” ಯಮನೂರಪ್ಪನ ಬೆರಳು, ನಾನು ನೋಡದೆ ಎದ್ದು ಬಂದದ್ದು, ಕೆಲಸ, ಅನುಷಾ — ಎಲ್ಲ ಹೇಳಿದೆ.

“ಹಂಗಾರ ಅವರೆಲ್ಲಾ ನಿಮ್ಮ ಅವ್ವ ಅಂತ ತಿಳಕೊಂಡಾರ.”

“ಹೌದ್ರಿ.”

“ನಿಮ್ಮ ಅವ್ವ ಯಾವಾಗರ ಕಾಳು ಕಡದು ನೋಡ್ಯಾಳೇನು?”

“ಇಲ್ರಿ.”

“ಹೋಗು. ಅವರಿಗೆಲ್ಲಾ ಹೇಳು.”

ಕ್ಷಮೆಯ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಪ್ರಬಂಧವನ್ನು ಅವರ ಮಡಿಲಲ್ಲಿ ಬಿಟ್ಟು ಎದ್ದೆ. ಇನ್ನೊಮ್ಮೆ ಬಾ ಎಂದು ಕರೆಯಲಿಲ್ಲ. ಓಣಿಯ ತಿರುವಿನಲ್ಲಿ ನಿಂತು ನೋಡಿದಾಗ, ಪುಸ್ತಕ ಮಡಿಲಲ್ಲಿಟ್ಟುಕೊಂಡೇ ಅವರು ಮತ್ತೆ ಮೊರಕ್ಕೆ ಕೈ ಹಾಕಿದ್ದರು.

ಅನುಷಾಳಿಗೆ ಹೇಳಿ ಆಯಿತು. ಅವಳು ನನ್ನ ಮುಂದೆ ನೋಟ್‌ಬುಕ್ ಹಿಡಿದು ನಿಂತವಳು, ಸಹಿ ಕೇಳದೆ ಹೊರಟುಹೋದಳು. ಅದು ಸರಿಯೇ. ಪ್ರಾಂಶುಪಾಲರಿಗೆ, ಸಂಪುಟದ ಸಂಪಾದಕರಿಗೆ, ಪಾಟೀಲ ಸರ್‌ಗೆ ಕಾಗದ ಬರೆದಿದ್ದೇನೆ. ನಾಳೆ ಅಂಚೆಗೆ ಹಾಕುತ್ತೇನೆ. ನನ್ನ ಕೆಲಸ ಏನಾಗುತ್ತದೋ ಗೊತ್ತಿಲ್ಲ. ಹೆದರಿಕೆ ಇದೆ, ಇಲ್ಲ ಎನ್ನಲಾರೆ. ಆದರೆ ಆ ಕಾಗದಗಳು ಕಚೇರಿಯ ಕಪಾಟುಗಳಲ್ಲಿ ಸೇರಿಹೋಗುತ್ತವೆ, ಕಪಾಟುಗಳು ಏನು ಮಾಡುತ್ತವೆಂದು ನನಗೆ ಗೊತ್ತು. ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನನ್ನ ಸಮೀಕ್ಷೆಯನ್ನು ಎಲ್ಲಾದರೂ, ಯಾವತ್ತಾದರೂ ಓದಿದವರೇ, ಮೂರನೇ ಅಧ್ಯಾಯದಲ್ಲಿ ಕಾಳು ಕಡಿದು ಹೇಳುವ ಆ ತಾಯಿ ನನ್ನ ತಾಯಿಯಲ್ಲ. ಅವರ ಹೆಸರು ಮಹಬೂಬಿ. ಬರೆದವಳು ಅವರ ಮಗಳು ಜರೀನಾ.